ಬೊಬ್ಬೆ ಅಲ್ಲ, ಅದು ನಿಮ್ಮದೇ ಸ್ವರ

ತುಳುವಿನಲ್ಲಿ ‘ಬೋಡು’ ಅಂದರೆ ಬೇಕು, ‘ಬೊಡ್ಚಿ’ ಅಂದರೆ ಬೇಡ. ಕೊಂಕಣಿಯಲ್ಲಿ ‘ಜಾಯ್’, ‘ನಾಕಾ’. ಕನ್ನಡದಲ್ಲಿ ‘ಬರ್ತೇನೆ’, ‘ಬರುವುದಿಲ್ಲ’. ಮಂಗಳೂರು, ಉಡುಪಿಯ ಮನೆಗಳಲ್ಲಿ ಆಡುವ ಈ ಮೂರೂ ಭಾಷೆಗಳಲ್ಲಿ ಹೌದೋ ಅಲ್ಲವೋ ಎಂದು ಗೊತ್ತಾಗುವುದು ವಾಕ್ಯದ ಕೊನೆಯಲ್ಲಿ. ಪಾರ್ಕಿನ್ಸನ್ಸ್ ಎಂಬ ಮಿದುಳಿನ ಕಾಯಿಲೆ ಇರುವವರ ಸ್ವರ ಇಂಗಿಹೋಗುವುದೂ ಅದೇ ಜಾಗದಲ್ಲಿ. “ನನಗೆ ಈಗ ಚಾ” ಅನ್ನುವವರೆಗೆ ಕೇಳುತ್ತದೆ, ಮುಂದಿನದ್ದು ಬರೀ ತುಟಿಯ ಅಲುಗಾಟ. ಮನೆಯವರು ಚಾ ತಂದಿಡುತ್ತಾರೆ, ಅದು ಅಲ್ಲೇ ತಣ್ಣಗಾಗುತ್ತದೆ, ಇಬ್ಬರಿಗೂ ಬೇಸರ. ಹೀಗೆ ಹತ್ತು ಸಲ ಆದ ಮೇಲೆ ಆ ಮನುಷ್ಯ ಮಾತೇ ಕಡಿಮೆ ಮಾಡಿಬಿಡುತ್ತಾರೆ. ಕೈ ನಡುಗುವುದನ್ನು ಎಲ್ಲರೂ ಕಾಣುತ್ತಾರೆ, ಈ ಮೌನವನ್ನು ಮಾತ್ರ ‘ವಯಸ್ಸಾಯಿತಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಈ ಸ್ವರವನ್ನು ಬಹಳಷ್ಟು ಮಟ್ಟಿಗೆ ಮರಳಿ ತರಬಹುದು. ಅದಕ್ಕೆ ಕ್ರಮ ಉಂಟು, ಲೆಕ್ಕ ಉಂಟು.

ಮೊದಲು ಎಂತ ಆಗಿದೆ ಎನ್ನುವುದು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಕಡಿಮೆಯಾದಾಗ ಚಲನೆಯ ಅಳತೆಯೇ ಕುಗ್ಗುತ್ತದೆ. ಹೆಜ್ಜೆ ಸಣ್ಣದಾಗುತ್ತದೆ. ಅಕ್ಷರ ಸಣ್ಣದಾಗುತ್ತಾ ಹೋಗಿ ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ. ಮುಖದಲ್ಲಿ ಭಾವ ಕಾಣುವುದಿಲ್ಲ. ಸ್ವರ ಸಣ್ಣದಾಗುವುದು ಇದೇ ಸಾಲಿಗೆ ಸೇರಿದ್ದು. ಎದೆಗೂಡು ಬಿಗಿದು ಉಸಿರು ಮೇಲುಮೇಲೆ ಬರುತ್ತದೆ, ಗಂಟಲಿನ ಎರಡು ಸ್ವರತಂತುಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಗಾಳಿ ಸೋರಿ ಸ್ವರ ಪಿಸುಗುಟ್ಟಿದ ಹಾಗೆ ಆಗುತ್ತದೆ. ಬಾಯಿಯೂ ಅರ್ಧವೇ ತೆರೆಯುತ್ತದೆ. ಏರಿಳಿತ ಹೋಗಿ ಎಲ್ಲ ಮಾತೂ ಒಂದೇ ಶ್ರುತಿಯಲ್ಲಿ ಬರುತ್ತದೆ.

ಇದು ಅರ್ಧ ಭಾಗ. ಇನ್ನರ್ಧ ಇನ್ನೂ ಮುಖ್ಯ, ಅದನ್ನು ತಿಳಿಯದೆ ಅಭ್ಯಾಸಕ್ಕೆ ಇಳಿದವರು ವಾರದಲ್ಲೇ ಬಿಟ್ಟುಬಿಡುತ್ತಾರೆ. ತನ್ನ ಸ್ವರ ಎಷ್ಟು ದೊಡ್ಡದು ಎಂದು ಅಳೆಯುವ ಒಳಗಿನ ತಕ್ಕಡಿಯೇ ತಪ್ಪಾಗಿರುತ್ತದೆ. ಪಿಸುಮಾತು ಅವರ ಕಿವಿಗೆ ಸಾಧಾರಣ ಮಾತಿನ ಹಾಗೆ ಕೇಳುತ್ತದೆ. ಸಾಧಾರಣ ಮಾತು ಆಡಿಸಿದರೆ “ಇದೆಂತ, ನಾನು ಬೊಬ್ಬೆ ಹಾಕುತ್ತಿದ್ದೇನಲ್ಲ” ಎಂದು ನಾಚಿಕೆ. ‘ನನ್ನ ಸ್ವರ ಸರಿ ಉಂಟು, ಇವಳ ಕಿವಿಯೇ ಮಂದ’ ಎನ್ನುವ ಜಗಳ ಹುಟ್ಟುವುದು ಇಲ್ಲಿಂದಲೇ. (ಹೆಂಡತಿಯ ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಇಬ್ಬರಿಗೂ ಎಪ್ಪತ್ತು ದಾಟಿದ ಮನೆಯಲ್ಲಿ ಎರಡೂ ನಿಜ ಇರಬಹುದು.)

ಇನ್ನೊಂದು ವಿಷಯ ಮನೆಯವರಿಗೆ. “ಗಟ್ಟಿ ಮಾತಾಡಿ” ಎಂದು ಹೇಳಿದ ಕೂಡಲೇ ಅವರ ಸ್ವರ ಚೆನ್ನಾಗಿ ಬರುತ್ತದೆ. ಡಾಕ್ಟರರ ಮುಂದೆ ಕೂತಾಗಲೂ ಬರುತ್ತದೆ. ಮನೆಗೆ ಬಂದರೆ ಮತ್ತೆ ಅದೇ ಪಿಸುಮಾತು. ‘ಮನಸ್ಸು ಮಾಡಿದರೆ ಆಗುತ್ತದೆ, ಬೇಕೆಂದೇ ಮಾಡುವುದಿಲ್ಲ’ ಎಂದು ತಿಳಿಯುವುದು ದೊಡ್ಡ ತಪ್ಪು. ಹೊರಗಿನಿಂದ ಸೂಚನೆ ಸಿಕ್ಕಿದಾಗ, ಪೂರ್ತಿ ಗಮನ ಇಟ್ಟಾಗ ಚಲನೆ ದೊಡ್ಡದಾಗಿ ಬರುತ್ತದೆ. ತಾನಾಗಿ ನಡೆಯಬೇಕಾದ ಕೆಲಸಕ್ಕೆ ಒಳಗಿನಿಂದ ಸೂಚನೆ ಕೊಡುವ ವ್ಯವಸ್ಥೆಯೇ ಈ ಕಾಯಿಲೆಯಲ್ಲಿ ಸೊರಗುವುದು. ನೆಲದಲ್ಲಿ ಗೆರೆ ಹಾಕಿದರೆ ಅದನ್ನು ದಾಟಲು ಹೆಜ್ಜೆ ದೊಡ್ಡದಾಗಿ ಬರುತ್ತದಲ್ಲ, ಇದೂ ಹಾಗೆ. ಇಡೀ ಚಿಕಿತ್ಸೆ ನಿಂತಿರುವುದು ಈ ಒಂದು ಬಾಗಿಲಿನ ಮೇಲೆ: ಹೊರಗಿನ ಸೂಚನೆಯನ್ನು ಸಾವಿರ ಸಲ ಕೊಟ್ಟು ಒಳಗೆ ಕೂರಿಸುವುದು.

ಪಾರ್ಕಿನ್ಸನ್ಸ್‌ಗೆಂದೇ ಬಂದ ಸ್ವರ ಚಿಕಿತ್ಸೆಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಲೀ ಸಿಲ್ವರ್‌ಮನ್ ವಾಯ್ಸ್ ಟ್ರೀಟ್‌ಮೆಂಟ್, ಚಿಕ್ಕದಾಗಿ ಎಲ್‌ಎಸ್‌ವಿಟಿ ಲೌಡ್. 1987ರಲ್ಲಿ ಅಮೆರಿಕದಲ್ಲಿ ಲೊರೇನ್ ರಾಮಿಗ್ ಮತ್ತು ಜೊತೆಯವರು ಶುರು ಮಾಡಿದ್ದು. ಲೀ ಸಿಲ್ವರ್‌ಮನ್ ಎಂಬ ಪಾರ್ಕಿನ್ಸನ್ಸ್ ಇದ್ದ ಮಹಿಳೆಯ ಮಾತು ತಮಗೆ ಕೇಳುವಂತಾಗಬೇಕು ಎಂಬ ಅವರ ಮನೆಯವರ ಆಸೆಯಿಂದ ಹುಟ್ಟಿದ್ದರಿಂದ ಅವರದೇ ಹೆಸರು. ಲೆಕ್ಕ ಹೀಗೆ: ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆ, 4 ವಾರ, ಸ್ಪೀಚ್ ಥೆರಪಿಸ್ಟ್ ಹತ್ತಿರ ಒಟ್ಟು 16 ಪಾಠ. ಇದರ ಜೊತೆಗೆ ಆ ತಿಂಗಳ 30 ದಿನವೂ ಮನೆಪಾಠ, ಪಾಠ ಇದ್ದ ದಿನ ಒಂದು ಸಲ, ಇಲ್ಲದ ದಿನ ಎರಡು ಸಲ. ‘ವಾರಕ್ಕೆ ಒಂದು ದಿನ ಬಂದು ಹೋಗುತ್ತೇವೆ’ ಎಂದು ಕೇಳುವವರು ತುಂಬ. ಬಸ್ಸಿನ ತೊಂದರೆ, ಕರೆದುಕೊಂಡು ಬರುವವರ ರಜೆಯ ತೊಂದರೆ ಅರ್ಥವಾಗುತ್ತದೆ. ಆದರೆ ಈ ಚಿಕಿತ್ಸೆಯ ಮದ್ದು ಇರುವುದೇ ಆ ಒತ್ತೊತ್ತಾದ ಸಂಖ್ಯೆಯಲ್ಲಿ. ಬ್ರಿಟನ್ನಿನಲ್ಲಿ 388 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕ್ರಮದಲ್ಲಿ ಕಲಿತವರಿಗೆ ಸ್ವರದ ತೊಂದರೆ ಕಡಿಮೆಯಾಯಿತು. ಅಲ್ಲಿನ ಸಾಮಾನ್ಯ ರೀತಿಯ, ಕಡಿಮೆ ಪ್ರಮಾಣದ ತರಬೇತಿ ಪಡೆದವರಿಗೂ ಏನೂ ಪಡೆಯದವರಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ವರ ಒಡೆದು ಒರಟಾಗುವ ತೊಂದರೆ ಕೆಲವರಿಗೆ ಬಂತು ಎಂದೂ ಅದೇ ಅಧ್ಯಯನ ಹೇಳುತ್ತದೆ. ಅದನ್ನು ತಪ್ಪಿಸುವುದು ಹೇಗೆ ಎಂದು ಮುಂದೆ ಬರೆದಿದ್ದೇನೆ.

ಶುರು ಮಾಡುವ ಮೊದಲು ಕಿವಿ-ಮೂಗು-ಗಂಟಲು ಡಾಕ್ಟರರ ಹತ್ತಿರ ಕ್ಯಾಮೆರಾ ಹಾಕಿ ಸ್ವರತಂತು ನೋಡಿಸಲೇಬೇಕು. ಗಂಟು ಇದ್ದರೆ, ಹೊಟ್ಟೆಯ ಆಮ್ಲ ಮೇಲೆ ಬಂದು ತಂತು ಕೆಂಪಾಗಿದ್ದರೆ, ಒಂದು ತಂತು ಅಲುಗಾಡದೆ ಇದ್ದರೆ ಗಟ್ಟಿ ಸ್ವರದ ಅಭ್ಯಾಸದಿಂದ ಕೆಡುಕೇ ಆಗಬಹುದು. ಹರ್ನಿಯಾ, ಇತ್ತೀಚೆಗೆ ಆದ ಹೃದಯದ ಅಥವಾ ಹೊಟ್ಟೆಯ ಆಪರೇಷನ್, ಹಿಡಿತಕ್ಕೆ ಬಾರದ ಬಿಪಿ, ಗ್ಲಾಕೋಮಾ ಇದ್ದರೆ ಅದನ್ನೂ ಹೇಳಿ. ಹಲ್ಲಿನ ಸೆಟ್ ಸಡಿಲ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸೆಟ್ ಜಾರುತ್ತದೆ ಎಂಬ ಹೆದರಿಕೆ ಇದ್ದವರು ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದೆ ಸ್ವರ ಹೊರಗೆ ಬರುವುದಿಲ್ಲ.

ಈಗ ಕೂರುವುದು. ಚಕ್ರ ಇಲ್ಲದ, ಗಟ್ಟಿ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಂಟ ಹಿಂದಕ್ಕೆ ಜಾರಿ ಹೊಟ್ಟೆ ಮಡಚುತ್ತದೆ, ಉಸಿರಿಗೆ ಜಾಗ ಸಿಗುವುದಿಲ್ಲ. ಊಟದ ಮೇಜಿನ ಮರದ ಕುರ್ಚಿ ಒಳ್ಳೆಯದು. ಮುಂದಕ್ಕೆ ಸರಿದು, ಎರಡೂ ಪಾದ ನೆಲಕ್ಕೆ ಊರಿ, ಗಲ್ಲ ಎದೆಗೆ ತಾಗದ ಹಾಗೆ. ಹೊತ್ತು ಮಾತ್ರೆಯ ಲೆಕ್ಕದಲ್ಲಿ: ಸಿಂಡೋಪಾದಂಥ ಲೆವೊಡೋಪಾ ಮಾತ್ರೆ ತೆಗೆದುಕೊಂಡು ಮೈ ಹಗುರವಾಗುವ ಹೊತ್ತು, ಹೆಚ್ಚಿನವರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ನಂತರ. ಮೈ ಕಟ್ಟಿದ ಹೊತ್ತಿನಲ್ಲಿ ಕೂರಿಸಿದರೆ ಸೋಲು ಮಾತ್ರ ಕಲಿತ ಹಾಗೆ ಆಗುತ್ತದೆ. ಪಕ್ಕದಲ್ಲಿ ನೀರು ಇರಲಿ, ಗುಟುಕು ಗುಟುಕಾಗಿ.

ಅಳತೆಗೆ ಎರಡು ಸಾಮಾನು. ಫೋನಿನಲ್ಲಿ ಒಂದು ಸೌಂಡ್ ಮೀಟರ್ ಆ್ಯಪ್, ಮತ್ತು ಮಕ್ಕಳ ಶಾಲೆಯ ಅಡಿ ಸ್ಕೇಲ್. ಸ್ಕೇಲ್ ಸರಿಯಾಗಿ 30 ಸೆಂಟಿಮೀಟರ್, ಬಾಯಿಗೂ ಫೋನಿಗೂ ನಡುವೆ ಇರಬೇಕಾದ ದೂರವೂ ಅಷ್ಟೇ. ಪ್ರತಿದಿನ ಸ್ಕೇಲ್ ಹಿಡಿದು ದೂರ ನೋಡಿ, ಫೋನನ್ನು ಒಂದು ಡಬ್ಬಕ್ಕೆ ಒರಗಿಸಿಡಿ. ಕೈಯಲ್ಲಿ ಹಿಡಿದರೆ ತಿಳಿಯದೆ ಹತ್ತಿರ ಬರುತ್ತದೆ, ದೂರ ಅರ್ಧ ಆದರೆ ಸುಮಾರು 6 ಡೆಸಿಬೆಲ್ (ಶಬ್ದದ ಅಳತೆ) ಸುಮ್ಮನೆ ಏರುತ್ತದೆ. ಆರೋಗ್ಯವಂತರ ಮಾತು ಈ ದೂರದಲ್ಲಿ 70ರ ಆಸುಪಾಸು ಇರುತ್ತದೆ. ಪಾರ್ಕಿನ್ಸನ್ಸ್ ಇರುವವರದ್ದು ಸರಾಸರಿ 2ರಿಂದ 4 ಡೆಸಿಬೆಲ್ ಕಡಿಮೆ. ಸಣ್ಣ ಅಂಕಿ ಅನ್ನಿಸುತ್ತದೆ, ಆದರೆ 3 ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಅರ್ಧವಾಯಿತು ಎಂದೇ ಅರ್ಥ. ಫೋನಿನಿಂದ ಫೋನಿಗೆ ಅಂಕಿ ಬೇರೆ ಬರುತ್ತದೆ, ಆದ್ದರಿಂದ ಬೇರೆಯವರ ಅಂಕಿಗೆ ಹೋಲಿಸಬೇಡಿ. ಮೊದಲ ದಿನದ ಅಂಕಿ ಕ್ಯಾಲೆಂಡರಿನಲ್ಲಿ ಬರೆದಿಡಿ, ಅದೇ ಫೋನು, ಅದೇ ಕೋಣೆ, ಫ್ಯಾನ್ ಬಂದ್. ಜೂನ್, ಜುಲೈಯಲ್ಲಿ ಶೀಟಿನ ಮಾಡಿನ ಕೆಳಗೆ ಕೂತರೆ ಮೀಟರ್ ಅಳೆಯುವುದು ಮಳೆಯನ್ನು, ಒಳಗಿನ ಕೋಣೆಗೆ ಹೋಗಿ.

ಮೊದಲ ಪಾಠ ಒಂದೇ ಅಕ್ಷರ: ಆ.

ಎರಡು ಬೆರಳು ನಿಲ್ಲಿಸಿದಷ್ಟು ಬಾಯಿ ತೆರೆಯಬೇಕು. ಆಕಳಿಕೆಯ ಶುರುವಿನ ಹಾಗೆ ಗಂಟಲು ಸಡಿಲ ಬಿಟ್ಟು, ಪಕ್ಕೆಲುಬು ಅಗಲವಾಗುವಷ್ಟು ಉಸಿರು ತೆಗೆದುಕೊಂಡು, ಆ ಉಸಿರಿನ ತುದಿಯಲ್ಲೇ ‘ಆ’ ಎಂದು ಗಟ್ಟಿಯಾಗಿ ಶುರು ಮಾಡಿ, ಸ್ವರ ಚೆನ್ನಾಗಿ ಇರುವಷ್ಟು ಹೊತ್ತು ಹಿಡಿಯಬೇಕು. ಪಾಠದಲ್ಲಿ ಇದು 15 ಸಲ. ಮನೆಪಾಠಕ್ಕೆ 6 ಸಲ ಸಾಕು. ಶುರುವಿಗೆ 5 ಸೆಕೆಂಡ್ ಬಂದರೂ ಸರಿ, ಬರುಬರುತ್ತಾ 10, 15ಕ್ಕೆ ಏರುತ್ತದೆ. ಹೇಳಿಕೊಡುವ ಮಾತು ಕಡಿಮೆ ಇರಲಿ. ‘ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯು) ಕೆಳಗೆ ಹೋಗಲಿ, ನಾಲಗೆ ಹಿಂದೆ ಇರಲಿ’ ಎಂದರೆ ಗಮನ ಐದು ಕಡೆ ಹಂಚಿಹೋಗುತ್ತದೆ. ಎದುರು ಕೂತು ನೀವೇ ‘ಆ’ ಹೇಳಿ ತೋರಿಸಿ, “ನನ್ನ ಹಾಗೆ” ಎನ್ನಿ. ಅಷ್ಟೇ.

ಇಲ್ಲಿ ಕೆಡುವುದು ಹೀಗೆ. ಉಸಿರು ತೆಗೆದುಕೊಂಡ ಮೇಲೆ ಒಂದು ಕ್ಷಣ ತಡೆದರೆ ಗಾಳಿ ಅರ್ಧ ಸೋರಿಹೋಗುತ್ತದೆ, ಆಮೇಲೆ ಬರುವ ‘ಆ’ಗೆ ಬಲ ಇರುವುದಿಲ್ಲ. ಪಕ್ಕೆಲುಬಿನ ಕೆಳಗೆ ಅವರದೇ ಅಂಗೈ ಇಡಿಸಿ: ಕೈ ಹೊರಗೆ ಬಂದ ಕೂಡಲೇ ಸ್ವರ ಶುರುವಾಗಬೇಕು. ಎರಡನೆಯದು, ಗಟ್ಟಿ ಎಂದ ಕೂಡಲೇ ಶ್ರುತಿ ಏರಿಸಿ ಕಿರುಚುವುದು. ಶ್ರುತಿ ಮಾತಿನದೇ ಇರಬೇಕು, ದೊಡ್ಡದಾಗಬೇಕಾದದ್ದು ಸ್ವರ ಮಾತ್ರ. ಕೈಯಿಂದ ಶ್ರುತಿ ಕೆಳಗೆ ಎಂದು ತೋರಿಸಿದರೆ ಹೆಚ್ಚಿನವರು ಸರಿ ಮಾಡಿಕೊಳ್ಳುತ್ತಾರೆ. ಮೂರನೆಯದು ಅಪಾಯದ್ದು: ಕುತ್ತಿಗೆಯ ನರ ಉಬ್ಬುವುದು, ಮುಖ ಕೆಂಪಾಗುವುದು, ಸ್ವರ ಗೊರಗೊರ ಅನ್ನುವುದು. ಅಂದರೆ ಬಲ ಉಸಿರಿನಿಂದ ಬರುತ್ತಿಲ್ಲ, ಗಂಟಲನ್ನು ಹಿಂಡುತ್ತಿದ್ದಾರೆ. ಕೂಡಲೇ ನಿಲ್ಲಿಸಿ, ಒಂದು ನಿಜವಾದ ಆಕಳಿಕೆ ತೆಗೆಸಿ, ಸ್ವಲ್ಪ ಕಡಿಮೆ ಅಂಕಿಗೆ ಇಳಿದು ಮತ್ತೆ ಮಾಡಿ. ಅಭ್ಯಾಸ ಮುಗಿದಾಗ ಹೊಟ್ಟೆ, ಪಕ್ಕೆ ದಣಿದಿರಬೇಕು, ಗಂಟಲು ನೋಯಬಾರದು. ನೋವು ಅಥವಾ ಒರಟು ಮರುದಿನವೂ ಉಳಿದರೆ ಕ್ರಮದಲ್ಲೇ ತಪ್ಪು ಉಂಟು, ಥೆರಪಿಸ್ಟ್ ಹತ್ತಿರ ಹೋಗದೆ ಮುಂದುವರಿಸಬೇಡಿ. ನಾಲ್ಕನೆಯದು, ಸ್ವರ ನಡುಗಿ ಸಾಯುವವರೆಗೆ ಎಳೆಯುವುದು. 12 ಸೆಕೆಂಡಿನಲ್ಲಿ ಕೊನೆಯ 4 ಸೆಕೆಂಡ್ ಹಾಳು ಸ್ವರ ಆದರೆ ದೇಹ ಕಲಿಯುವುದು ಆ ಹಾಳು ಸ್ವರವನ್ನೂ. 8ಕ್ಕೇ ನಿಲ್ಲಿಸಿ.

ಆಮೇಲೆ ಶ್ರುತಿಯ ಜಾರಿಕೆ. ಮಾತಿನ ಶ್ರುತಿಯಿಂದ ಶುರು ಮಾಡಿ ‘ಆ’ ಎನ್ನುತ್ತಲೇ ಆದಷ್ಟು ಮೇಲಕ್ಕೆ ಜಾರಿ, ತುದಿಯಲ್ಲಿ 5 ಸೆಕೆಂಡ್ ನಿಲ್ಲುವುದು. ಹಾಗೆಯೇ ಕೆಳಕ್ಕೆ. ಸಂಗೀತ, ಭಜನೆ ಗೊತ್ತಿದ್ದವರು ಸರಿಗಮ ಎಂದು ಮೆಟ್ಟಿಲು ಹತ್ತುತ್ತಾರೆ. ಮೆಟ್ಟಿಲು ಬೇಡ, ಜಾರುಬಂಡೆ ಬೇಕು.

ಈಗ ಹತ್ತು ವಾಕ್ಯ. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ಜೀವ ಇಲ್ಲಿದೆ. ಆ ವ್ಯಕ್ತಿ ದಿನಾಲೂ ನಿಜವಾಗಿ ಆಡುವ 10 ವಾಕ್ಯ ಬರೆದು, ಪ್ರತಿಯೊಂದನ್ನೂ ‘ಆ’ಗೆ ಬಂದ ಅದೇ ಬಲದಲ್ಲಿ 5 ಸಲ ಹೇಳಬೇಕು. ದಿನಕ್ಕೆ 50 ಸಲ ಆಯಿತು. ಪುಸ್ತಕದಿಂದ ನಕಲು ಮಾಡಿದ ವಾಕ್ಯ ಹಾಕಬೇಡಿ. ‘ಇಂದು ಹವಾಮಾನ ಚೆನ್ನಾಗಿದೆ’ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. “ಎಂತ ಸೆಕೆ ಮಾರಾಯ್ರೆ” ಎಂದು ಬರೆಯಿರಿ. “ಮಾತ್ರೆಯ ಹೊತ್ತಾಯಿತು.” “ಆ ಫ್ಯಾನ್ ಕಡಿಮೆ ಮಾಡು.” “ನನಗೆ ಸಾಕು, ಇನ್ನು ಬಡಿಸಬೇಡ.” “ಸ್ಟೇಟ್ ಬ್ಯಾಂಕಿಗೆ ಒಂದು ಟಿಕೆಟ್.” “ಪಾಪು ಶಾಲೆಯಿಂದ ಬಂತಾ?” ಹೆಂಡತಿಯನ್ನು, ಮಗಳನ್ನು ಕರೆಯುವ ಹೆಸರು ಅದರಲ್ಲಿ ಇರಲೇಬೇಕು, ದಿನದಲ್ಲಿ ಹೆಚ್ಚು ಸಲ ಬಾಯಿಗೆ ಬರುವುದು ಅದು.

ಭಾಷೆ ಯಾವುದು? ಮನೆಯಲ್ಲಿ ಆಡುವುದು. ಕ್ಲಿನಿಕ್ಕಿನಲ್ಲಿ ಕನ್ನಡದಲ್ಲಿ ಅಭ್ಯಾಸ ಮಾಡಿಸಿ ಮನೆಯಲ್ಲಿ ತುಳು ಆಡುವವರಿಗೆ ಆ ಬಲ ತುಳುವಿಗೆ ತಾನಾಗಿ ಇಳಿದುಬರುತ್ತದೆ ಎಂದು ನಂಬಿ ಕೂರಬಾರದು. ತುಳು ಮನೆಯಾದರೆ “ಎಂಕ್ ಬೊಡ್ಚಿ”, “ವಣಸ್ ಆಂಡಾ?” (ಊಟ ಆಯಿತಾ?) ಎಂಬುವು ಪಟ್ಟಿಯಲ್ಲಿ ಬರಲಿ, ಬಸ್ಸಿಗೆ, ಅಂಗಡಿಗೆ ಬೇಕಾದ ಎರಡು ಮೂರು ಕನ್ನಡದಲ್ಲಿ ಇರಲಿ. ಕೊಂಕಣಿ, ಬ್ಯಾರಿ ಮನೆಯಾದರೂ ಇದೇ ಲೆಕ್ಕ. ಥೆರಪಿಸ್ಟ್‌ಗೆ ಆ ಭಾಷೆ ಬಾರದಿದ್ದರೂ ತೊಂದರೆ ಇಲ್ಲ. ಅವರಿಗೆ ಕೇಳಬೇಕಾದದ್ದು ಬಲ, ಅರ್ಥ ಮನೆಯವರು ಹೇಳಿದರಾಯಿತು.

ಇನ್ನು ಆ ಕೊನೆಯ ಪದ. ಹತ್ತು ವಾಕ್ಯದಲ್ಲೂ ಕಡೆಯ ಪದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ, “ಬಲ ಇಲ್ಲಿಗೆ ಉಳಿಸಿ” ಎನ್ನಿ. ಮೀಟರಿನಲ್ಲಿ ನೋಡಬೇಕಾದದ್ದು ವಾಕ್ಯದ ಅತಿ ದೊಡ್ಡ ಅಂಕಿಯನ್ನಲ್ಲ, ಕೊನೆಯ ಪದ ಹೇಳುವಾಗ ಕಾಣುವ ಅಂಕಿಯನ್ನು. “ನಾನು ನಾಳೆ ಉಡುಪಿಗೆ ಬರುವುದಿಲ್ಲ” ಎನ್ನುವಾಗ ‘ನಾನು’ 74 ಇದ್ದು ‘ಇಲ್ಲ’ 61ಕ್ಕೆ ಇಳಿದರೆ ಕೇಳಿದವರು ಕಾರು ಹೇಳಿಬಿಡುತ್ತಾರೆ. ಒಂದೇ ಉಸಿರಿನಲ್ಲಿ ಆಗದಿದ್ದರೆ “ನಾನು ನಾಳೆ ಉಡುಪಿಗೆ” ಎಂದು ನಿಂತು, ಉಸಿರು ತೆಗೆದುಕೊಂಡು, “ಬರುವುದಿಲ್ಲ” ಎನ್ನಲಿ. ಕನ್ನಡದಲ್ಲಿ ಕ್ರಿಯಾಪದದ ಮೊದಲು ನಿಂತರೆ ಕಿವಿಗೆ ಏನೂ ಅಡ್ಡಿ ಅನ್ನಿಸುವುದಿಲ್ಲ, ಈ ಅನುಕೂಲವನ್ನು ಬಿಡಬೇಡಿ. ಹಾಗೆಯೇ ‘ಹೌದು’ ಎಂಬ ಪದ. ಹಕಾರಕ್ಕೆ ಉಸಿರು ಹೆಚ್ಚು ಖರ್ಚಾಗಿ ಅದು ‘ಔದು’, ಕೊನೆಗೆ ಬರೀ ‘ಉ’ ಆಗುತ್ತದೆ. ಹೌದು, ಹೋಗಿ, ಹಣ, ಹಸಿವು ಇಂಥವು ನಾಲ್ಕೈದನ್ನು ಬೇರೆಯಾಗಿ ಅಭ್ಯಾಸ ಮಾಡಿಸುವುದು ಒಳ್ಳೆಯದು.

ಓದುವುದು ವಾರಕ್ಕೆ ಒಂದು ಮೆಟ್ಟಿಲಿನ ಹಾಗೆ ಏರುತ್ತದೆ: ಮೊದಲ ವಾರ ಪದ ಮತ್ತು ಎರಡು ಮೂರು ಪದದ ತುಂಡು, ಎರಡನೆಯ ವಾರ ವಾಕ್ಯ, ಮೂರನೆಯ ವಾರ ಓದು, ನಾಲ್ಕನೆಯ ವಾರ ಮಾತುಕತೆ. ಮನೆಯಲ್ಲಿ ಬೆಳಗ್ಗಿನ ಪೇಪರ್ ಸಾಕು. ದೊಡ್ಡ ಅಕ್ಷರದ ತಲೆಬರಹದಿಂದ ಶುರು ಮಾಡಿ. ಸುದ್ದಿಯ ಒಳಗಿನ ವಾಕ್ಯಗಳು ಉದ್ದ, ಮೊದಲೇ ಪೆನ್ಸಿಲಿನಲ್ಲಿ ಉಸಿರಿನ ಜಾಗಕ್ಕೆ ಒಂದೊಂದು ಅಡ್ಡಗೆರೆ ಹಾಕಿಡಿ, ನಾಲ್ಕೈದು ಪದಕ್ಕೆ ಒಂದು. ಜಪ, ಸ್ತೋತ್ರ, ತೇರ್ಸ್ (ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ), ಭಜನೆ ಬಾಯಿಪಾಠ ಇದ್ದವರು ‘ಅದನ್ನೇ ಹೇಳಿದರೆ ಸಾಲದಾ’ ಎಂದು ಕೇಳುತ್ತಾರೆ. ಒಬ್ಬರೇ, ಮೀಟರ್ ಮುಂದೆ, ಗಟ್ಟಿಯಾಗಿ ಹೇಳಿದರೆ ಖಂಡಿತ ಲಾಭ ಉಂಟು. ಗುಂಪಿನಲ್ಲಿ ಹೇಳಿದರೆ ಅವರ ಸ್ವರ ಉಳಿದವರ ಸ್ವರದೊಳಗೆ ಅಡಗಿಕೊಳ್ಳುತ್ತದೆ. ಬಾಯಿಪಾಠದ್ದು ಓಡುತ್ತದೆ ಕೂಡ. ಮನಸ್ಸಿನ ತೃಪ್ತಿಗೆ ಗುಂಪಿನ ಭಜನೆ ಇರಲಿ, ಸ್ವರದ ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ.

ಮಾತುಕತೆಯೇ ಎಲ್ಲಕ್ಕಿಂತ ಕಷ್ಟ. ಎಂತ ಹೇಳುವುದು ಎಂದು ಯೋಚಿಸುವಾಗ ಹೇಗೆ ಹೇಳುವುದು ಎನ್ನುವ ಗಮನ ತಪ್ಪುತ್ತದೆ. ನಡೆಯುತ್ತಾ, ಅಂಗಿಯ ಗುಂಡಿ ಹಾಕುತ್ತಾ, ಬಟ್ಟಲು ಹಿಡಿದುಕೊಂಡು ಮಾತಾಡಿದರೆ ಸ್ವರ ಬೀಳುವುದೂ ಇದರಿಂದಲೇ. ಶುರುವಿಗೆ ನಿಂತು ಮಾತಾಡಲಿ, ನಡೆಯುವಾಗ ಸುಮ್ಮನೆ ನಡೆಯಲಿ. ಬೀಳುವ ಅಪಾಯವೂ ಕಡಿಮೆ. ಮೂರನೆಯ ವಾರದಿಂದ ದಿನಕ್ಕೆ ಒಂದು ಹೊರಗಿನ ಕೆಲಸ ಕೊಡಿ: ಹೋಟೆಲಿನಲ್ಲಿ “ಒಂದು ಪ್ಲೇಟ್ ಗೋಳಿಬಜೆ” ಅವರೇ ಹೇಳಬೇಕು, ಮೀನಿನ ಕ್ರಯ ಅವರೇ ಕೇಳಬೇಕು, ರಿಕ್ಷಾದವರಿಗೆ ಎಲ್ಲಿ ನಿಲ್ಲಿಸುವುದು ಎಂದು ಅವರೇ ಹೇಳಬೇಕು. ಸರ್ವಿಸ್ ಬಸ್ಸಿನ ಗಲಾಟೆಯಲ್ಲಿ ಟಿಕೆಟ್ ಕೇಳಿ ಕಂಡಕ್ಟರ್ ಮರುಪ್ರಶ್ನೆ ಇಲ್ಲದೆ ಹರಿದುಕೊಟ್ಟರೆ ಅದು ಯಾವ ಮೀಟರಿಗಿಂತಲೂ ಹೆಚ್ಚು ನಂಬುವಂಥ ಅಳತೆ. ಆದರೆ ಮೊದಲ ವಾರದಲ್ಲೇ ಸಂತೆಗೆ ಕಳುಹಿಸಬೇಡಿ, ಎರಡು ಸಲ “ಎಂತ? ಎಂತ?” ಎಂದು ಕೇಳಿಸಿಕೊಂಡರೆ ಮೂರನೆಯ ಸಲ ಹೊರಗೆ ಬರಲು ಒಪ್ಪುವುದಿಲ್ಲ.

ತಕ್ಕಡಿ ಸರಿ ಮಾಡುವುದಕ್ಕೆ ಫೋನಿನ ರೆಕಾರ್ಡರ್. ಒಂದೇ ವಾಕ್ಯವನ್ನು ಮೊದಲು ಅವರಿಗೆ ಹಿತವೆನಿಸುವ ಸ್ವರದಲ್ಲಿ, ಆಮೇಲೆ ‘ಬೊಬ್ಬೆ’ ಅನ್ನಿಸುವ ಸ್ವರದಲ್ಲಿ ಹೇಳಿಸಿ ರೆಕಾರ್ಡ್ ಮಾಡಿ. ಮಾತಾಡುವಾಗಲೇ ತನ್ನ ಸ್ವರ ಅಳೆಯಲು ಅವರಿಗೆ ಕಷ್ಟ, ಹೊರಗಿನಿಂದ ಕೇಳುವಾಗ ತಿಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಎರಡನ್ನೂ ಕೇಳಿಸಿ, “ಯಾವುದು ಸರಿ ಉಂಟು?” ಎಂದು ಕೇಳಿ. ಎರಡನೆಯದನ್ನೇ ತೋರಿಸುತ್ತಾರೆ. ಆ ಬೊಬ್ಬೆಯೇ ಇವರ ಸಾಧಾರಣ ಮಾತು. ಇದನ್ನು ಒಂದು ಸಲ ಮಾಡಿ ಬಿಟ್ಟರೆ ಸಾಲದು, ಎರಡು ಮೂರು ದಿನಕ್ಕೊಮ್ಮೆ ಮಾಡಬೇಕು, ತಕ್ಕಡಿ ನಿಧಾನಕ್ಕೆ ಸರಿಯುತ್ತದೆ.

ಮನೆಯವರು ಬಳಸುವ ಸೂಚನೆ ಒಂದೇ ಪದ ಇರಲಿ: “ಗಟ್ಟಿ.” ಉಸಿರು ತಗೊಳ್ಳಿ, ನಿಧಾನ ಹೇಳಿ, ಬಾಯಿ ತೆರೆಯಿರಿ, ನೆಟ್ಟಗೆ ಕೂರಿ ಎಂದು ನಾಲ್ಕು ಹೇಳಿದರೆ ಒಂದೂ ನಡೆಯುವುದಿಲ್ಲ. ಗಟ್ಟಿ ಎಂದಾಗ ಉಸಿರು, ಬಾಯಿ, ಸ್ಪಷ್ಟತೆ ಎಲ್ಲವೂ ಜೊತೆಗೇ ಎದ್ದುಬರುತ್ತವೆ. “ಹಾಂ? ಎಂತ? ಕೇಳುವುದಿಲ್ಲ” ಎನ್ನುವುದನ್ನು ಬಿಡಿ, ಅದರಿಂದ ಮಾಡಬೇಕಾದದ್ದು ಏನು ಎಂದು ತಿಳಿಯುವುದಿಲ್ಲ. ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ, ಹತ್ತು ಸೆಕೆಂಡ್ ಕಾಯಿರಿ. ಜಗಲಿಯಿಂದ ಅಡುಗೆಮನೆಗೆ ಕೂಗಿ ಮಾತಾಡುವ ಅಭ್ಯಾಸ ಇದ್ದ ಮನೆಯಲ್ಲಿ ಅದನ್ನು ನಿಲ್ಲಿಸಿ ಹತ್ತಿರ ಹೋಗಿ, ಮುಖ ಕಾಣುವ ಹಾಗೆ ನಿಂತು ಮಾತಾಡಿ. ಮಿಕ್ಸಿ, ಟಿವಿ ಬಂದ್ ಇರಲಿ. ರಾತ್ರಿ ಮಾತ್ರೆಯ ಬಲ ಇಳಿದಾಗ ಎಷ್ಟು ಕಲಿತವರಿಗೂ ಸ್ವರ ಬರದೆ ಇರಬಹುದು. ವೈರ್ ಇಲ್ಲದ ಕಾಲಿಂಗ್ ಬೆಲ್ಲಿನ ಬಟನ್ ತಲೆದಿಂಬಿನ ಪಕ್ಕ ಕಟ್ಟಿಡಿ.

ಎಲ್ಲರ ತೊಂದರೆಯೂ ಸಣ್ಣ ಸ್ವರವೇ ಅಲ್ಲ. ಕೆಲವರ ಮಾತು ಇಳಿಜಾರಿನಲ್ಲಿ ಬಿಟ್ಟ ಸೈಕಲಿನ ಹಾಗೆ ಓಡುತ್ತದೆ, ಒಂದರ ಮೇಲೊಂದು ಅಕ್ಷರ ಬಿದ್ದು ಪದಗಳು ಅಂಟಿಕೊಳ್ಳುತ್ತವೆ. ಅವರಿಗೆ ಗಟ್ಟಿ ಜೊತೆಗೆ ಪದಕ್ಕೊಂದು ಸಲ ಬೆರಳಿನಿಂದ ಮೇಜು ಬಡಿಯುವುದು ಸಹಾಯ ಮಾಡುತ್ತದೆ. ಬೆರಳೂ ಓಡಿದರೆ ಒಂದು ರಟ್ಟಿನ ಮೇಲೆ ಆರು ಚೌಕ ಬರೆದು, ಪದಕ್ಕೊಂದು ಚೌಕ ಮುಟ್ಟಿಸಬೇಕು. ಟೀಚರ್‌ಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರ್, ಕೆನ್ನೆಯ ಮೈಕ್ ಕಾಯಿಲೆ ಮುಂದುವರಿದವರಿಗೆ ಒಳ್ಳೆಯ ಆಸರೆ. ಆದರೆ ಸ್ವರವೇ ಇಲ್ಲದೆ ಬರೀ ಗಾಳಿ ಬರುವಾಗ ಅದು ದೊಡ್ಡದು ಮಾಡುವುದು ಗಾಳಿಯನ್ನು, ಓಡುವ ಮಾತನ್ನು ಅದು ನಿಲ್ಲಿಸುವುದೂ ಇಲ್ಲ.

ಆಪರೇಷನ್ ಆದಾಗ ಕೊಟ್ಟ ಮೂರು ಚೆಂಡಿನ ಉಸಿರಿನ ಸಾಮಾನನ್ನು ಹೊರಗೆ ತೆಗೆದು ‘ಇದರಲ್ಲಿ ಮಾಡಿದರೆ ಸ್ವರ ಬರುತ್ತದಾ’ ಎಂದು ಕೇಳುತ್ತಾರೆ. ಅದರಲ್ಲಿ ಚೆಂಡು ಏಳುವುದು ಒಳಗೆ ಎಳೆದಾಗ, ಸ್ವರಕ್ಕೆ ಬೇಕಾದದ್ದು ಹೊರಗೆ ಊದುವ ಬಲ. ಸ್ಪ್ರಿಂಗ್ ಇರುವ, ಊದಿದರೆ ಮಾತ್ರ ಕವಾಟ ತೆರೆಯುವ ಬೇರೆ ಉಪಕರಣ ಉಂಟು, ಅದರಲ್ಲಿ ದಿನಕ್ಕೆ 5 ಸಲದಂತೆ 5 ಸುತ್ತು, ವಾರಕ್ಕೆ 5 ದಿನ ಊದಿಸುವ ಕ್ರಮ ಕೆಮ್ಮಿನ ಬಲಕ್ಕೆ ಒಳ್ಳೆಯದು, ಎಷ್ಟು ಬಿಗಿ ಇಡಬೇಕು ಎಂದು ಥೆರಪಿಸ್ಟ್ ಅಳೆದು ಹೇಳಬೇಕು. ಜ್ಯೇಷ್ಠಮಧು, ಶುಂಠಿ ಗಂಟಲಿಗೆ ಹಿತ ಕೊಡಬಹುದು, ತೊಂದರೆ ಮಿದುಳಿನಲ್ಲಿ ಇರುವಾಗ ಅದರಿಂದ ಸ್ವರ ಗಟ್ಟಿಯಾಗದು. ನಸುಗುನ್ನಿ ಬೀಜದ ಪುಡಿಯ ವಿಷಯ ಬೇರೆ: ಅದರಲ್ಲಿ ನಿಜಕ್ಕೂ ಲೆವೊಡೋಪಾ ಇದೆ, ಆದ್ದರಿಂದಲೇ ಡಾಕ್ಟರರಿಗೆ ಹೇಳದೆ ಮಾತ್ರೆಯ ಮೇಲೆ ಸೇರಿಸಬಾರದು. ಡೋಸ್ ಏರಿ ಮೈ ತಾನಾಗಿ ಹೊರಳುವುದು, ಬಿಪಿ ಇಳಿಯುವುದು, ಭ್ರಮೆ ಬರುವುದು ಇವೆಲ್ಲ ಆಗಬಹುದು.

ಮಾತ್ರೆಯಿಂದ ಕೈಕಾಲಿಗೆ ಆದಷ್ಟು ಗುಣ ಸ್ವರಕ್ಕೆ ಆಗುವುದಿಲ್ಲ. ‘ಡೋಸ್ ಜಾಸ್ತಿ ಮಾಡಿ, ಮಾತು ಸರಿಯಾಗಲಿ’ ಎಂದು ಒತ್ತಾಯ ಮಾಡುವುದರಲ್ಲಿ ಅರ್ಥವಿಲ್ಲ. ಮಿದುಳಿಗೆ ತಂತಿ ಹಾಕುವ ಡಿಬಿಎಸ್ ಆಪರೇಷನ್ನಿನಲ್ಲಿ ನಡುಕ ಕಡಿಮೆಯಾದರೂ ಕೆಲವರ ಮಾತು ಇನ್ನಷ್ಟು ಕೆಡುತ್ತದೆ, ಒಪ್ಪಿಗೆ ಕೊಡುವ ಮೊದಲು ಈ ಪ್ರಶ್ನೆಯನ್ನು ನೇರವಾಗಿ ಕೇಳಿ, ಆಗಿನ ಮಾತನ್ನು ರೆಕಾರ್ಡ್ ಮಾಡಿಡಿ. ನಡುಕಕ್ಕೆ ಕೊಡುವ ಪೆಸಿಟೇನ್‌ನಂಥ ಮಾತ್ರೆಯಿಂದ ಬಾಯಿ ಒಣಗುತ್ತದೆ, ಒಣಬಾಯಿಯ ಸ್ವರ ಬೇಗ ಒಡೆಯುತ್ತದೆ, ಅದನ್ನೂ ನರರೋಗದ ಡಾಕ್ಟರರಿಗೆ ತಿಳಿಸಿ.

ಸ್ವರ ಸಣ್ಣದಾದವರಲ್ಲಿ ನುಂಗುವ ತೊಂದರೆಯೂ ಜೊತೆಗೆ ಬರುವುದುಂಟು. ನೀರು ಕುಡಿದ ಮೇಲೆ ಸ್ವರ ಗುಳುಗುಳು ಅನ್ನುವುದು, ಊಟದ ನಡುವೆ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಮತ್ತೆ ಮತ್ತೆ ಜ್ವರ ಕಫ. ಇವು ಕಂಡರೆ ಸ್ವರದ ಅಭ್ಯಾಸಕ್ಕಿಂತ ಮೊದಲು ನುಂಗುವ ಪರೀಕ್ಷೆ. ನಮ್ಮ ಕಡೆ ಒಂದು ವಿಶೇಷ ಎಚ್ಚರಿಕೆ ಬೇಕು: ಹುಷಾರಿಲ್ಲದವರಿಗೆ ಹಗುರ ಎಂದು ಕೊಡುವ ಕುಚ್ಚಲಕ್ಕಿ ಗಂಜಿ. ತೆಳು ತಿಳಿ, ಅದರಲ್ಲಿ ಬಿಡಿ ಬಿಡಿ ಅನ್ನದ ಅಗುಳು. ಅಗುಳು ಜಗಿಯುತ್ತಿರುವಾಗ ತಿಳಿ ಮೊದಲೇ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ನುಂಗಲು ಅತಿ ಕಷ್ಟದ ಊಟಗಳಲ್ಲಿ ಇದೂ ಒಂದು. ತಿಳಿ ಬಸಿದು ಅನ್ನವನ್ನು ಮೆತ್ತಗೆ ಮಾಡುವುದೋ, ಪೂರ್ತಿ ಅರೆದು ಒಂದೇ ಹದಕ್ಕೆ ತರುವುದೋ ಎಂದು ಥೆರಪಿಸ್ಟ್ ನೋಡಿ ಹೇಳುತ್ತಾರೆ.

ಹೋಗುವುದು ಎಲ್ಲಿಗೆ? ಈ ವಿಷಯದಲ್ಲಿ ನಮ್ಮ ಕರಾವಳಿ ಅದೃಷ್ಟದ ಜಾಗ. ಮಾತು ಮತ್ತು ಶ್ರವಣದ ಕೋರ್ಸ್ ಇರುವ ಕಾಲೇಜುಗಳು ಮಂಗಳೂರಿನಲ್ಲೇ ಉಂಟು, ಕಂಕನಾಡಿಯ ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ, ಕಸ್ತೂರ್ಬಾ ಮೆಡಿಕಲ್ ಕಾಲೇಜು. ಉಡುಪಿಯವರಿಗೆ ಮಣಿಪಾಲ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಉಂಟು. ಎಲ್ಲಿ ಹೋದರೂ ಎರಡು ಪ್ರಶ್ನೆ ಕೇಳಿ: ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಉಂಟಾ? ಪಾರ್ಕಿನ್ಸನ್ಸ್ ಇರುವವರಿಗೆ ವಾರಕ್ಕೆ ನಾಲ್ಕು ದಿನದ ಕ್ರಮದಲ್ಲಿ ಮಾಡಿಸುತ್ತೀರಾ? ಎಲ್‌ಎಸ್‌ವಿಟಿ ಎಂಬ ಹೆಸರು ಹೇಳುವವರು ಅದರ ಪ್ರಮಾಣಪತ್ರ ಪಡೆದಿರಬೇಕು, ಕೇಳಿದರೆ ತೋರಿಸುತ್ತಾರೆ. ಕಾರ್ಕಳ, ಕುಂದಾಪುರ, ಸುಳ್ಯದ ಕಡೆಯಿಂದ ದಿನಾ ಬರಲಾಗದವರು ಕೆಲವು ಪಾಠ ವಿಡಿಯೋ ಕರೆಯಲ್ಲಿ ಮಾಡಬಹುದು, ಅದರಿಂದಲೂ ಗುಣ ಆಗುತ್ತದೆ. ಒಂದು ಜಾಗ್ರತೆ: ಕರೆಯ ಆ್ಯಪ್‌ಗಳು ಸಣ್ಣ ಸ್ವರವನ್ನು ತಾವಾಗಿ ದೊಡ್ಡದು ಮಾಡಿ, ದೊಡ್ಡದನ್ನು ತಗ್ಗಿಸಿ ಕಳುಹಿಸುತ್ತವೆ. ಆಚೆ ಕೂತ ಥೆರಪಿಸ್ಟ್‌ಗೆ ನಿಜವಾದ ಬಲ ಗೊತ್ತಾಗುವುದಿಲ್ಲ. ಮೀಟರ್ ಈಚೆ, ಇನ್ನೊಂದು ಫೋನಿನಲ್ಲಿ, ಸ್ಕೇಲಿನ ದೂರದಲ್ಲಿ ಇರಬೇಕು, ಮನೆಯವರೊಬ್ಬರು ಅಂಕಿ ಓದಿ ಹೇಳಬೇಕು.

ತಿಂಗಳು ಮುಗಿದ ಮೇಲೆ ದಿನಕ್ಕೆ 10ರಿಂದ 15 ನಿಮಿಷ, ಪ್ರತಿದಿನ. ರಾಮಿಗ್ ಮತ್ತು ಜೊತೆಯವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ನಂತರವೂ ಗುಣ ಉಳಿದಿತ್ತು. ಕಾಯಿಲೆ ಮುಂದುವರಿಯುವಂಥದ್ದಾದ್ದರಿಂದ ಆರು ತಿಂಗಳಿಗೊಮ್ಮೆ ಹೋಗಿ ಅಂಕಿ ನೋಡಿಸಿಕೊಂಡು, ಬೇಕಾದರೆ ಎರಡು ಮೂರು ಪಾಠ ಹೊಸದು ಮಾಡಿಕೊಳ್ಳುವುದು ಒಳ್ಳೆಯದು. ಶೀತ, ಗಂಟಲು ನೋವು ಬಂದ ದಿನ ಗಟ್ಟಿ ಅಭ್ಯಾಸ ಬೇಡ. ಜ್ವರ ಬಂದು, ಆಸ್ಪತ್ರೆ ಸೇರಿ ಹತ್ತು ದಿನ ತಪ್ಪಿದರೆ ಎಲ್ಲ ಹೋಯಿತು ಎಂದು ಕೂರಬೇಡಿ. ‘ಆ’ 3 ಸಲ, ಹತ್ತು ವಾಕ್ಯ ಎರಡೆರಡು ಸಲ, ಅಷ್ಟರಿಂದ ಶುರು ಮಾಡಿ, ವಾರದಲ್ಲಿ ಮೊದಲಿನ ಲೆಕ್ಕಕ್ಕೆ ಬನ್ನಿ. ಬರೆದಿಟ್ಟ ವಾಕ್ಯಗಳ ಹಾಳೆಯನ್ನು ಮಾತ್ರೆ ಡಬ್ಬದ ಮುಚ್ಚಳಕ್ಕೇ ಅಂಟಿಸಿ, ದಿನಕ್ಕೆ ಮೂರು ನಾಲ್ಕು ಸಲ ಕೈ ಹೋಗುವ ಜಾಗ ಅದು. ಮೂರು ತಿಂಗಳಿಗೊಮ್ಮೆ ವಾಕ್ಯಗಳನ್ನು ಬದಲಾಯಿಸಿ. ಪಾಪು ದೊಡ್ಡ ಶಾಲೆಗೆ ಹೋಗಿದ್ದರೆ, ಬಸ್ಸಿನ ಸ್ಟಾಪ್ ಬದಲಾಗಿದ್ದರೆ, ಹಾಳೆಯೂ ಬದಲಾಗಬೇಕು.